ಹಿಮ ಕರಗುವ ತನಕ ಮರಳಿನಲ್ಲಿ

ಸಿಸ್ಟರ್ ಅವರ ಎರಡೂ ಕಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಹುಣಸೆಬೀಜದ ಹಾಗೆ ಮಿರುಗುವ ಕಂದು ಚರ್ಮ. ದುಬೈಯ ಸತ್ವಾ ಬಡಾವಣೆಯಲ್ಲಿ ನಾವು ಏಳೆಂಟು ಮಂದಿ ನರ್ಸುಗಳು ಹಂಚಿಕೊಂಡಿದ್ದ ಹಳೆಯ ವಿಲ್ಲಾದ ಅಂಗಳದಲ್ಲಿ, ಒಣಹಾಕಿದ ಯೂನಿಫಾರ್ಮುಗಳ ಕೆಳಗೆ ಸ್ಟೂಲು ಹಾಕಿಕೊಂಡು ಕೂತು, ಆ ಬೆರಳುಗಳಿಗೆ ವ್ಯಾಸಲಿನ್ ತಿಕ್ಕಿ ಬಿಳಿ ಟೇಪು ಸುತ್ತುತ್ತಿದ್ದರು. ನಾನು ಊರಿನಿಂದ ದುಬೈಗೆ ಬಂದ ಎರಡನೆಯ ದಿನವದು.

"ಎಂತ ಸಿಸ್ಟರ್, ಪೆಟ್ಟಾಯ್ತಾ?" ಎಂದು ಕೇಳಿದೆ.

"ಪೆಟ್ಟಲ್ಲ, ನಡೆದದ್ದು," ಎಂದರು, ತಲೆ ಎತ್ತದೆ.

ಆಗ ಅವರಿಗೆ ಐವತ್ತು ದಾಟಿತ್ತು. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮದುವೆಯಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ನಮ್ಮ ವಾರ್ಡಿನ ಇನ್‌ಚಾರ್ಜ್ ಅವರೇ. ಕುಳ್ಳಗೆ, ಅಗಲ ಭುಜದ, ಮೆಟ್ಟಿಲು ಹತ್ತುವಾಗಲೂ ಏದುಸಿರು ಬಿಡದ ಹೆಂಗಸು. ಶಿಫ್ಟ್ ಬದಲಾಗುವಾಗ ಕತ್ತರಿ, ಥರ್ಮಾಮೀಟರು, ಇಂಜೆಕ್ಷನ್ ಬಾಟಲಿ ಎಲ್ಲವನ್ನೂ ಬೆರಳಿಟ್ಟು ಎಣಿಸಿದ ಮೇಲೆಯೇ ಕಪಾಟಿನ ಕೀಲಿಕೈ ಮುಂದಿನವಳ ಕೈಗೆ. "ಕಣ್ಣಲ್ಲಿ ನೋಡಿದ್ದು ಲೆಕ್ಕ ಅಲ್ಲ ಮಾರಾಯ್ತಿ, ಮುಟ್ಟಿ ಎಣಿಸು," ಎನ್ನುತ್ತಿದ್ದರು. ನಮ್ಮೂರ ಕಡೆಯ ಉಳಿದವರ ಜೊತೆ ಅವರದು ತುಳು. ನನ್ನದೂ ಮನೆಮಾತು ತುಳುವೇ. ಆದರೆ ಮೊದಲ ದಿನ ಹೆದರಿಕೆಯಲ್ಲಿ ಅವರಿಗೆ ಕನ್ನಡದಲ್ಲಿ ಉತ್ತರ ಕೊಟ್ಟಿದ್ದೆ. ಕೊನೆಯವರೆಗೂ ನಮ್ಮಿಬ್ಬರ ನಡುವೆ ಕನ್ನಡವೇ ಆಯಿತು.

ನಾನು ಹುಟ್ಟಾ ಪುಕ್ಕಲಿ. ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಹೆದರಿಕೆ, ಡಾಕ್ಟರ ಫೋನು ಎತ್ತಲು ಹೆದರಿಕೆ, ವೀಸಾದ ಕಾಗದಕ್ಕೆ ಸಹಿ ಹಾಕಲೂ ಹೆದರಿಕೆ. ಮೂರನೆಯ ತಿಂಗಳಲ್ಲಿ ಒಬ್ಬ ರೋಗಿಯ ಹೃದಯ ನಿಂತಿತು. ಎಲ್ಲರೂ ಓಡಿ ಬಂದು ಕೆಲಸಕ್ಕಿಳಿದರೆ ನಾನು ಆಕ್ಸಿಜನ್ ಮಾಸ್ಕ್ ಕೈಯಲ್ಲಿ ಹಿಡಿದು ಗೊಂಬೆಯ ಹಾಗೆ ನಿಂತೆ. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ಆ ಮಾಸ್ಕನ್ನು ರೋಗಿಯ ಮುಖಕ್ಕೆ ಒತ್ತಿಸಿದರು. ರೋಗಿ ಉಳಿದ. ಆಮೇಲೆ ಪ್ಯಾಂಟ್ರಿಗೆ ಕರೆದು ಕೇಳಿದರು.

"ಹೆದರಿಕೆ ಆಯ್ತಾ?"

"ಇಲ್ಲ ಸಿಸ್ಟರ್."

"ಸುಳ್ಳು ಹೇಳ್ಬೇಡ. ಹೆದರಿಕೆ ಆದ್ರೆ ಆಯ್ತು ಅಂತ ಬಾಯಿಬಿಟ್ಟು ಹೇಳು. ಇವತ್ತು ಕೆಲಸಕ್ಕೆ ನನ್ನ ಹತ್ರ ಎಷ್ಟು ಕೈ ಉಂಟು ಅಂತ ನಂಗೆ ಗೊತ್ತಾಗ್ಬೇಕಲ್ಲ?" ಎಂದವರೇ, "ಶುಕ್ರವಾರ ನಿಂಗೆ ಡ್ಯೂಟಿ ಇಲ್ಲ ಅಲ್ವಾ? ನನ್ನೊಟ್ಟಿಗೆ ಬಾ," ಎಂದರು.

ಹಾಗೆ ನಾನು ಮರಳಿಗೆ ಇಳಿದೆ.

ಅವರಿಗೆ ಒಂದು ಹಠವಿತ್ತು. ದುಬೈಯ ಹೊರಗಿನ ಅಲ್ ಕುದ್ರಾದಿಂದ ಅಬುಧಾಬಿಗೆ ಸೇರಿದ ಅಲ್ ಐನ್‌ವರೆಗೆ, ಕಾರಿನ ರಸ್ತೆ ಬಿಟ್ಟು ಮರಳಿನ ಒಳದಾರಿಯಲ್ಲೇ ನಡೆದು ಮುಗಿಸಬೇಕು. ವಾರಕ್ಕೆ ಸಿಗುವ ರಜೆ ಶುಕ್ರವಾರ ಒಂದೇ. ಆದ್ದರಿಂದ ಒಂದು ಡಾಂಬರು ರಸ್ತೆಯಿಂದ ಇನ್ನೊಂದು ಡಾಂಬರು ರಸ್ತೆಗೆ ತುಂಡುತುಂಡಾಗಿ ನಡೆಯುತ್ತಿದ್ದರು. ಪರಿಚಯದ ಪಠಾಣ ಟ್ಯಾಕ್ಸಿ ಡ್ರೈವರೊಬ್ಬ ಬೆಳಗಾಗುವ ಹೊತ್ತಿಗೆ ಒಂದು ಕಡೆ ಬಿಟ್ಟು, ಹತ್ತು ಹನ್ನೊಂದು ಗಂಟೆಗೆ ಮುಂದಿನ ರಸ್ತೆಯಲ್ಲಿ ಕಾಯುತ್ತಿದ್ದ. ಮುಂದಿನ ವಾರ ನಿಲ್ಲಿಸಿದಲ್ಲಿಂದಲೇ ಶುರು. ಇದೆಲ್ಲ ತಾಲೀಮು ಮಾತ್ರ. ಅವರಿಗೆ ನಿಜವಾಗಿ ಹೋಗಬೇಕಾಗಿದ್ದದ್ದು ಹಿಮಾಚಲದ ಒಂದು ಎತ್ತರದ ಕಣಿವೆದಾರಿಗೆ. ಎರಡು ಬೆಟ್ಟಗಳ ನಡುವೆ ಏರಿ ಆಚೆಯ ಹಳ್ಳಿಗೆ ಇಳಿಯುವ ಆ ದಾರಿ ವರ್ಷದ ಬಹುಭಾಗ ಹಿಮದಲ್ಲಿ ಮುಚ್ಚಿರುತ್ತದೆ.

ನಾನು ಹೋದ ಮೊದಲ ಶುಕ್ರವಾರ ಒಂದು ದಿಬ್ಬದ ನೆತ್ತಿಯಲ್ಲಿ ನಿಂತು ಸುತ್ತ ನೋಡಿದೆ. ನಾಲ್ಕೂ ದಿಕ್ಕು ಒಂದೇ ಥರ. ನಾವು ಬಂದ ಹೆಜ್ಜೆಗಳನ್ನು ಗಾಳಿ ಆಗಲೇ ಅರ್ಧ ಅಳಿಸಿತ್ತು. ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ.

"ಹೇಳು," ಎಂದರು ಸಿಸ್ಟರ್.

"ಹೆದರಿಕೆ ಆಗ್ತದೆ."

"ನಂಗೂ ಆಗ್ತದೆ. ಏಳು."

ಅಷ್ಟೆ. ಸಮಾಧಾನ ಮಾಡುವ ಜಾತಿಯವರಲ್ಲ ಅವರು. ಆದರೆ ಅವರಿಗೂ ಆಗುತ್ತದೆ ಎಂಬ ಮಾತು ಹಿಡಿದುಕೊಂಡು ನಾನು ಚಳಿಗಾಲವಿಡೀ ನಡೆದೆ. ಹೆದರಿಕೆ ಒಂದು ದಿನವೂ ಬಿಡಲಿಲ್ಲ. ಒಂಟೆಗಳು ಎದುರಾದರೆ, ಮಂಜು ಕವಿದು ಹತ್ತು ಹೆಜ್ಜೆ ಮುಂದೆ ಏನೂ ಕಾಣದಾದರೆ ಅವರ ಬ್ಯಾಗಿನ ಪಟ್ಟಿ ಹಿಡಿದುಕೊಂಡು ನಡೆಯುತ್ತಿದ್ದೆ. ಅವರು ಬೇಡ ಅನ್ನಲಿಲ್ಲ.

ಒಂದು ಬೆಳಿಗ್ಗೆ ಇಡ್ಲಿ ಬಿಚ್ಚಿಕೊಂಡು ಕೂತಾಗ ಅವರಾಗಿಯೇ ಆ ಕಣಿವೆಯ ಸಂಗತಿ ಹೇಳಿದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿನ ಸಣ್ಣ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದರಂತೆ. ಆಚೆಯ ಹಳ್ಳಿಯಲ್ಲಿ ಹೆರಿಗೆ ಕಷ್ಟವಾಗಿದೆ ಎಂದು ಕರೆ ಬಂತು. ಡಾಕ್ಟರು ಬೇರೆ ಕಡೆ ಹೋಗಿದ್ದರು. ಇವರು ಒಬ್ಬ ಹಮಾಲಿಯನ್ನು ಕರೆದುಕೊಂಡು ಹೊರಟರು. "ಹಿಮ ಸೊಂಟದವರೆಗೆ ಬಂದಿತ್ತು. ದಾಟ್ಲಿಕ್ಕೆ ಆಗ್ಲಿಲ್ಲ. ತಿರುಗಿ ಬಂದೆ," ಎಂದರು. ಆ ಹೆಂಗಸು ಸತ್ತಳು, ಮಗುವೂ ಉಳಿಯಲಿಲ್ಲ. "ರಿಟೈರ್ ಆಗುವ ಮೊದಲು ಒಮ್ಮೆ ಆ ಕಡೆಗೆ ಇಳಿದು ಬರ್ಬೇಕು." ಚಟ್ನಿಯ ಡಬ್ಬಿಯ ಮುಚ್ಚಳ ಹಾಕಿ ಎದ್ದರು. 

ಅವರ ಲೆಕ್ಕದ ಪ್ರಕಾರ ಮರಳಿನ ನಡಿಗೆ ಮಾರ್ಚಿಗೆ ಮುಗಿಯಬೇಕು, ಜೂನಿನಲ್ಲಿ ಕಣಿವೆ ದಾಟಬೇಕು. ಆದರೆ ಆ ವರ್ಷ ಬೆಟ್ಟದಲ್ಲಿ ಕಾಲ ಮೀರಿ ಹಿಮ ಬಿತ್ತು. ಅಲ್ಲಿನ ಗೈಡಿಗೆ ವಾರವಾರವೂ ಫೋನು ಮಾಡುತ್ತಿದ್ದರು. ಸ್ಪೀಕರಿನಲ್ಲಿ ಅವನ ದನಿ ನನಗೂ ಕೇಳುತ್ತಿತ್ತು. "ಮೇಡಂಜಿ, ಅಭೀ ನಹೀಂ. ಬರಫ್ ಬಹುತ್ ಹೈ." ಹಿಮ ಇನ್ನೂ ಕರಗಿಲ್ಲವೆಂದು ರಜೆಯನ್ನು ಜುಲೈಗೆ ಮುಂದೂಡಿಕೊಂಡರು. ಅಲ್ಲಿಯವರೆಗೆ ಕಾಲು ಜಡವಾಗಬಾರದೆಂದು, ಕಾಲುಭಾಗ ಉಳಿದಿದ್ದ ಮರಳಿನ ದಾರಿಯನ್ನು ಏಪ್ರಿಲ್, ಮೇವರೆಗೂ ಎಳೆದರು. ಇಲ್ಲಿನ ಬಿಸಿಲು ಬಲ್ಲವರು ಯಾರೂ ಆ ತಿಂಗಳಲ್ಲಿ ಹೊರಗೆ ಕಾಲಿಡುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಅಲ್ಲಿ ಹಿಮ ಕರಗದ ಸಿಟ್ಟನ್ನು ಇಲ್ಲಿ ನಡೆದು ತೀರಿಸಿಕೊಳ್ಳುತ್ತಿದ್ದರೋ ಏನೋ.

ಮೇ ತಿಂಗಳ ಆ ಶುಕ್ರವಾರ ಒಬ್ಬೊಬ್ಬರಿಗೆ ಒಂದೂವರೆ ಲೀಟರಿನ ನಾಲ್ಕು ಬಾಟಲಿ ನೀರು ಎಂದು ನಿಗದಿಯಾಗಿತ್ತು. ಹಿಂದಿನ ವಾರ ಆ ಭಾರಕ್ಕೆ ನನ್ನ ಹೆಗಲಿನಲ್ಲಿ ಬೊಬ್ಬೆ ಎದ್ದಿತ್ತು. ಭಾರ ಹೊತ್ತು ಹಿಂದೆ ಬಿದ್ದರೆ, ಹಿಂದೆ ಬಿದ್ದು ಒಬ್ಬಳೇ ಆದರೆ ಎಂಬ ಭಯ ನನ್ನನ್ನು ವಾರವಿಡೀ ತಿಂದಿತ್ತು. ಟ್ಯಾಕ್ಸಿ ಇಳಿಯುವಾಗ ಎರಡು ಬಾಟಲಿಗಳನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿಬಿಟ್ಟೆ.

"ನೀರು ನಾಲ್ಕು ಉಂಟಲ್ಲ?" ಸಿಸ್ಟರ್ ಕೇಳಿದರು.

"ಉಂಟು ಸಿಸ್ಟರ್."

ಎಲ್ಲವನ್ನೂ ಮುಟ್ಟಿ ಎಣಿಸುವ ಹೆಂಗಸು ಅಂದು ನನ್ನ ಬ್ಯಾಗನ್ನು ಮುಟ್ಟಲಿಲ್ಲ. ಆರು ತಿಂಗಳು ಜೊತೆಗೆ ನಡೆದವಳು ಎಂಬ ನಂಬಿಕೆ.

ಎಂಟು ಗಂಟೆಗೆ ಶಮಾಲ್ ಎಂಬ ಮರಳುಗಾಳಿ ಎದ್ದಿತು. ಆಕಾಶ, ನೆಲ ಎಲ್ಲ ಮಣ್ಣುಬಣ್ಣಕ್ಕೆ ತಿರುಗಿ, ನಾವು ಗುರುತಿಗೆ ಎಡಕ್ಕೆ ಇಟ್ಟುಕೊಂಡಿದ್ದ ವಿದ್ಯುತ್ ಕಂಬಗಳ ಸಾಲು ಮಾಯವಾಯಿತು. ಸಿಸ್ಟರ್ ಮೊಬೈಲಿನ ನಕ್ಷೆ ನೋಡುತ್ತ ಮುಂದೆ ನಡೆದರು. ಒಂಬತ್ತೂವರೆಗೆ ಆ ಮೊಬೈಲು ಬಿಸಿಯೇರಿ ತಾನೇ ಆರಿಹೋಯಿತು. ನನ್ನದರಲ್ಲಿ ಸಿಗ್ನಲ್ ಇರಲಿಲ್ಲ; ಮುಂದಿನ ರಸ್ತೆಯಲ್ಲಿ ಕಾಯುವ ಡ್ರೈವರಿಗೆ ತಿಳಿಸುವ ದಾರಿಯೂ ಇರಲಿಲ್ಲ. ಮುಂದೆ, ನಕ್ಷೆಯಲ್ಲಿ ಕಂಡಿರದ ಒಂದು ತಂತಿಬೇಲಿ ಅಡ್ಡ ಬಂತು. ಸುತ್ತಿ ಹೋಗೋಣವೆಂದು ಅದರ ಪಕ್ಕದಲ್ಲೇ ಬಲಕ್ಕೆ ತಿರುಗಿದೆವು. ಬೇಲಿ ಮುಗಿಯಲೇ ಇಲ್ಲ.

ನನ್ನ ಎರಡು ಬಾಟಲಿ ಅಷ್ಟರಲ್ಲಿ ಖಾಲಿ. ಹೇಳಲು ಬಾಯಿ ಬರಲಿಲ್ಲ. ಗಂಟೆಗೊಮ್ಮೆ ಸಿಸ್ಟರ್ "ನೀರು ಕುಡಿ" ಎಂದಾಗ ಖಾಲಿ ಬಾಟಲಿಯನ್ನೇ ಬಾಯಿಗೆ ಎತ್ತಿ, ಗುಟುಕರಿಸಿದ ಹಾಗೆ ಗಂಟಲು ಆಡಿಸಿದೆ. ಮುಂದೆ ನಡೆಯುತ್ತಿದ್ದವರಿಗೆ ತಿಳಿಯಲಿಲ್ಲ. ಹನ್ನೊಂದರ ಹೊತ್ತಿಗೆ ಕಣ್ಣಿನ ಮುಂದೆ ಕಪ್ಪು ಚುಕ್ಕೆಗಳು ತೇಲಿದವು. ಮೊಣಕಾಲೂರಿ ವಾಂತಿ ಮಾಡಿದೆ. ಸಿಸ್ಟರ್ ಓಡಿ ಬಂದು ನನ್ನ ಬ್ಯಾಗು ಬಿಚ್ಚಿದರು.

"ಉಳಿದ ಎರಡು ಎಲ್ಲಿ?"

"ಒಡೆದು... ಒಡೆದು ಹೋಯ್ತು ಸಿಸ್ಟರ್."

ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ಬಾಟಲಿ ತೆಗೆದು ನನ್ನ ತುಟಿಗೆ ಹಿಡಿದರು. ಅಲ್ಲಿಂದ ಮುಂದೆ ಅವರ ನೀರನ್ನೇ ಇಬ್ಬರೂ ಕುಡಿದದ್ದು. ಇಬ್ಬರೂ ಎಂದು ನಾನು ಆಗ ತಿಳಿದುಕೊಂಡಿದ್ದೆ.

ನಡುಮಧ್ಯಾಹ್ನ ದಾಟಿದ ಮೇಲೆ ಅವರ ನಡಿಗೆ ವಾಲತೊಡಗಿತು. ಮುಖ ಕೆಂಪಗೆ ಒಣಗಿತ್ತು, ಬೆವರು ನಿಂತಿತ್ತು. ಅದು ಬಿಸಿಲಾಘಾತದ ಲಕ್ಷಣವೆಂದು ಅವರೇ ನನಗೆ ವಾರ್ಡಿನಲ್ಲಿ ಪಾಠ ಹೇಳಿದ್ದರು. ಕೊಂಕಣಿಯಲ್ಲಿ ಯಾರನ್ನೋ ಗದರಿಸಿದರು. ಬೇಲಿಯ ಪಕ್ಕ ನಮ್ಮ ಬನ್ನಿಮರದ ಜಾತಿಯ ಒಂದು ಗಾಫ್ ಮರವಿತ್ತು. ಅದರ ಹರಕು ನೆರಳಿಗೆ ಅವರನ್ನು ಎಳೆದು ಮಲಗಿಸಿದೆ. ನನ್ನ ಕೆಂಪು ದುಪಟ್ಟಾ ಕೊಂಬೆಗೆ ಕಟ್ಟಿ ಇನ್ನಷ್ಟು ನೆರಳು ಮಾಡಿದೆ. ಕಣ್ಣು ತೆರೆದಾಗ ಒಂದು ಗಳಿಗೆ ಅವರು ಪೂರ್ತಿ ಎಚ್ಚರವಾಗಿದ್ದರು. ಇನ್‌ಚಾರ್ಜ್ ದನಿ ಮರಳಿತ್ತು.

"ನೀನು ಹೋಗು. ಬೇಲಿ ಹಿಡ್ಕೊಂಡೇ ಹೋಗು. ಬೇಲಿ ಹಾಕಿದವ ಎಲ್ಲಿಯಾದ್ರೂ ಇರ್ಲೇಬೇಕು."

"ನಿಮ್ಮನ್ನು ಬಿಟ್ಟು ಹೋಗ್ಲಿಕ್ಕೆ ನಂಗಾಗುವುದಿಲ್ಲ. ಹೆದರಿಕೆ ಆಗ್ತದೆ ಸಿಸ್ಟರ್."

"ಆಗ್ಲಿ. ಹೆದ್ರಿಕೊಂಡೇ ಹೋಗು."

ಉಳಿದಿದ್ದ ನೀರು ಅರ್ಧ ಬಾಟಲಿ. ಅದನ್ನು ಅವರ ಪಕ್ಕದಲ್ಲಿಟ್ಟೆ. ಅವರು ಕೈಯಿಂದ ತಳ್ಳಿದರು. ನಾನು ಮತ್ತೆ ಇಟ್ಟೆ. ಕೊನೆಗೆ ನಾನು ಎರಡು ಗುಟುಕು ಕುಡಿದ ಮೇಲೆಯೇ ಅವರು ಬಾಟಲಿಯನ್ನು ಎದೆಗೆ ಒತ್ತಿಕೊಂಡದ್ದು.

ಆ ನಡಿಗೆಯನ್ನು ಹೇಗೆ ಹೇಳಲಿ? ತಂತಿ ಮುಟ್ಟಿದರೆ ಕೈ ಸುಡುತ್ತಿತ್ತು, ಬಿಟ್ಟರೆ ದಾರಿ ತಪ್ಪುವ ಭಯ. ದುಪಟ್ಟಾದ ಕೆಂಪು ಹಿಂದೆ ಕಾಣುವ ತನಕ ಮತ್ತೆ ಮತ್ತೆ ತಿರುಗಿ ನೋಡಿದೆ. ಅದು ಮಣ್ಣುಗಾಳಿಯಲ್ಲಿ ಮರೆಯಾದಾಗ ಜೋರಾಗಿ ಅತ್ತೆ. ಅಳು ಬಂತೇ ಹೊರತು ಕಣ್ಣೀರು ಬರಲಿಲ್ಲ. ನಾನು ತಿರುಗಿ ಬರುವಷ್ಟರಲ್ಲಿ ಅವರು ಸತ್ತಿರುತ್ತಾರೆ, ನಾನೇ ಕೊಂದದ್ದು ಎಂದು ತಲೆಯೊಳಗೆ ಯಾರೋ ಒಂದೇ ಸಮನೆ ಹೇಳುತ್ತಿದ್ದರು. ಬೇಲಿಯ ಕಂಬಗಳನ್ನು ಎಣಿಸತೊಡಗಿದೆ, ಒಂದೊಂದನ್ನೂ ಮುಟ್ಟಿ. ನೂರಕ್ಕೆ ಬಂದರೆ ಮತ್ತೆ ಒಂದರಿಂದ. ಎಷ್ಟು ನೂರಾಯಿತೋ ತಿಳಿಯದು. ಒಂಟೆಯ ಲದ್ದಿಯ ವಾಸನೆ ಬಂತು. ಆಮೇಲೆ ತಗಡಿನ ಮಾಡು, ನೀರಿನ ಟ್ಯಾಂಕಿ, ಒಂದು ಹಳೆಯ ಪಿಕಪ್. ತಲೆಗೆ ಬಿಳಿ ಬಟ್ಟೆ ಸುತ್ತಿದ ಸುಡಾನಿನ ಮುದುಕನೊಬ್ಬ ಒಂಟೆಗಳಿಗೆ ಹುಲ್ಲು ಹಾಕುತ್ತಿದ್ದ.

ನಾನು ಹಿಂದಕ್ಕೆ ಕೈ ತೋರಿಸಿ "ಸಿಸ್ಟರ್, ಸಿಸ್ಟರ್" ಎಂದಷ್ಟೇ ಹೇಳಿದೆ. ಅವನು ನನ್ನ ತಲೆಯ ಮೇಲೆ ಬಕೆಟಿನಿಂದ ನೀರು ಸುರಿದ, ಒಂದು ಲೋಟ ಕುಡಿಸಿದ, ಕ್ಯಾನು ಪಿಕಪ್ಪಿಗೆ ಎಸೆದ. "ಯಲ್ಲಾ, ಯಲ್ಲಾ!" ಎಂದು ಗಾಡಿ ಹತ್ತಲು ಅವಸರಪಡಿಸಿದ. ನಾನು ಅಷ್ಟು ಹೊತ್ತು ನಡೆದ ದಾರಿ ಗಾಡಿಯಲ್ಲಿ ಕೆಲವೇ ನಿಮಿಷದ್ದಾಗಿತ್ತು.

ಸಿಸ್ಟರ್ ಉಸಿರಾಡುತ್ತಿದ್ದರು. ಎದೆಯ ಮೇಲಿನ ಬಾಟಲಿಯಲ್ಲಿ ನೀರು ಹಾಗೆಯೇ ಇತ್ತು.

ನಮ್ಮದೇ ಆಸ್ಪತ್ರೆಯಲ್ಲಿ ಅವರು ಹನ್ನೊಂದು ದಿನ ಮಲಗಿದರು. ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಎತ್ತರದ ಜಾಗಕ್ಕೆ ಆ ವರ್ಷ ಹೋಗುವ ಮಾತೇ ಇಲ್ಲವೆಂದು ಡಾಕ್ಟರು ಹೇಳಿದರು. ಅವರಿಗೆ ಪ್ರಜ್ಞೆ ಸರಿಯಾದ ಮರುದಿನ ನಾನು ಬಾಗಿಲು ಮುಚ್ಚಿ, ಸೀಟಿನ ಕೆಳಗೆ ತಳ್ಳಿದ ಎರಡು ಬಾಟಲಿಯ ವಿಷಯ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ಸಿಟ್ಟಿನಲ್ಲಿ ತುಟಿ ಅದುರಿತು.

"ಭಾರ ಆಗ್ತದೆ, ಹೆದರಿಕೆ ಆಗ್ತದೆ ಅಂತ ಒಂದು ಮಾತು ಹೇಳಿದ್ರೆ ನಾನೇ ಹೊರ್ತಿದ್ದೆ ಅಲ್ವಾ? ಹೋಗು. ನಿನ್ನ ಮುಖ ತೋರಿಸ್ಬೇಡ."

ಹೋದೆ. ಆಮೇಲೆ ಊಟದ ಟ್ರೇ ನಾನು ತಂದರೆ ಗೋಡೆಯ ಕಡೆ ತಿರುಗುತ್ತಿದ್ದರು.

ಇಬ್ಬರು ನರ್ಸುಗಳು ಮೇ ತಿಂಗಳಲ್ಲಿ ಮರುಭೂಮಿಯಲ್ಲಿ ಸಾಯಲು ಹೊರಟದ್ದೇಕೆಂದು ಆಡಳಿತದವರು ವಿವರಣೆ ಕೇಳಿದರು. ನನ್ನನ್ನು ಕರೆಸಿದ ದಿನ ಕೆಲಸ ಹೋಯಿತೆಂದೇ ಹೊರಟಿದ್ದೆ. ಮೇಜಿನ ಮೇಲೆ ಸಿಸ್ಟರ್ ಅವರ ಕೈಬರಹದ ಪತ್ರವಿತ್ತು. ನೀರಿನ ಲೆಕ್ಕ ತಪ್ಪಿದ್ದು ತನ್ನಿಂದ, ಜೊತೆಗಿದ್ದವಳು ಕಿರಿಯಳು, ತನ್ನ ಮಾತಿನಂತೆ ನಡೆದವಳು, ತನ್ನ ಜೀವ ಉಳಿಸಿದವಳು ಎಂದು ಬರೆದಿದ್ದರು. "ಇದು ಸರಿಯಾ?" ಎಂದು ಎದುರಿಗಿದ್ದವರು ಕೇಳಿದರು. ನನ್ನ ವೀಸಾ, ಊರಿನ ಮನೆ, ಅಮ್ಮನ ಮುಖ ಎಲ್ಲ ಕಣ್ಣಮುಂದೆ ಸುಳಿಯಿತು. "ಹೌದು" ಎಂದೆ. ಸಿಸ್ಟರ್ ಅವರ ಇನ್‌ಚಾರ್ಜ್ ಹುದ್ದೆ ಹೋಯಿತು. ವರ್ಷ ಮುಗಿದಾಗ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ.

ಅವರು ಡಿಸ್ಚಾರ್ಜ್ ಆಗಿ ವಿಲ್ಲಾಕ್ಕೆ ಬಂದ ಸಂಜೆ ನಾನು ಅಂಗಳದಲ್ಲಿ ಅವರ ಎದುರು ನಿಂತೆ. "ಯಾಕೆ ಹಾಗೆ ಬರೆದ್ರಿ?" ಎಂದು ಕೇಳಿದೆ. 

"ಹಿಮ ಸೊಂಟದವರೆಗೆ ಇರ್ಲಿಲ್ಲ," ಎಂದರು. "ಮೊಣಕಾಲಿನವರೆಗೆ. ಹಮಾಲಿ ಹೋಗುವಾ ಅಂತ ಹೇಳಿದ. ನಂಗೆ ಹೆದರಿಕೆ ಆಯ್ತು. ತಿರುಗಿ ಬಂದು ಡಾಕ್ಟರಿಗೆ ಸೊಂಟದವರೆಗೆ ಅಂತ ಹೇಳಿದೆ. ಅವರು ನಂಬಿದ್ರು. ಹಮಾಲಿಯ ಮಾತು ಯಾರು ಕೇಳ್ತಾರೆ? ಮೂವತ್ತು ವರ್ಷ ಯಾರ ಹತ್ರವೂ ಹೇಳ್ಲಿಲ್ಲ. ನೀನು ನಂಗೆ ಎಚ್ಚರ ಆದ ಮರುದಿನವೇ ಬಂದು ಹೇಳಿದೆ."

ನನಗೆ ಕೂರಲು ಹೇಳಿದರು. ಇಬ್ಬರೂ ಸ್ಟೂಲಿನ ಮೇಲೆ, ಒದ್ದೆ ಬಟ್ಟೆಗಳ ಕೆಳಗೆ ಕೂತಿದ್ದೆವು.

ಒಪ್ಪಂದ ಮುಗಿದು ಊರಿಗೆ ಹೋದವರು ಮರುವರ್ಷ ಆಗಸ್ಟಿನಲ್ಲಿ, ಡಾಕ್ಟರು ಒಪ್ಪಿದ ಮೇಲೆ, ಆ ಕಣಿವೆಗೆ ಹೋದರು. ಒಂದು ಮಧ್ಯಾಹ್ನ ವಾರ್ಡಿನಲ್ಲಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಗಾಳಿಯ ಸದ್ದಿನ ನಡುವೆ ಅವರ ದನಿ.

"ದಾಟಿದೆ ಮಾರಾಯ್ತಿ. ಇಡೀ ದಾರಿ ಹೆದ್ರಿಕೊಂಡೇ ನಡೆದೆ." ಸತ್ತ ಹೆಂಗಸಿನ ಗಂಡ ಇನ್ನೂ ಬದುಕಿದ್ದನಂತೆ, ಕಿವಿ ಮಂದವಾದ ಮುದುಕ. ಅವನ ಪಕ್ಕದಲ್ಲಿ ಕೂತು, ಅವನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ, ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, ಹಿಮ ಕಡಿಮೆ ಇತ್ತು, ನಾನು ಹೆದರಿದೆ ಎಂದು ತಮಗೆ ಬಂದ ಹಿಂದಿಯಲ್ಲಿ ಹೇಳಿದರಂತೆ. "ಅವ ಎಂತ ಹೇಳಿದ?" ಎಂದು ಕೇಳಿದೆ. "ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಅವನ ಸೊಸೆ ಬಂದು ಊಟಕ್ಕೆ ಕರೆದಳು." ಅಷ್ಟರಲ್ಲಿ ಲೈನು ಕಡಿಯಿತು.

ಅದಾಗಿ ಕೆಲವು ವರ್ಷಕ್ಕೆ, ಒಂದು ಬೆಳಿಗ್ಗೆ ಇಗರ್ಜಿಗೆ ಹೊರಟ ಸಿಸ್ಟರ್ ಗೇಟಿನ ಬಳಿ ಕುಸಿದು ಹೋಗಿಬಿಟ್ಟರು. ಸುದ್ದಿ ತಿಳಿದು ನನಗೆ ರಜೆ ಸಿಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮಂಗಳೂರಿಗೆ ಹೋಗಿ, ಅವರಿದ್ದ ತಮ್ಮನ ಮನೆ ಹುಡುಕಿ ಬೆಲ್ಲು ಒತ್ತಿದೆ. ತಮ್ಮನ ಹೆಂಡತಿ ಬಾಗಿಲು ತೆರೆದರು. ನಾನು ಯಾರೆಂದು ಹೇಳುತ್ತಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವಾ! ಬಾಯಿ ತೆರೆದ್ರೆ ನಿಮ್ಮದೇ ಕಥೆ ಅವರಿಗೆ. ಮರುಭೂಮಿಯಲ್ಲಿ ಒಬ್ಬಳೇ ನಡೆದು ನನ್ನ ಜೀವ ಉಳಿಸಿದ ಹುಡುಗಿ, ಅಂಥ ಧೈರ್ಯದವಳನ್ನು ನಾನು ನೋಡ್ಲಿಲ್ಲ ಅಂತ. ಪಿಳ್ಳೆಗಳಿಗೆಲ್ಲ ಬಾಯಿಪಾಠ ಆಗಿದೆ."

ನೀರಿನ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.  ಆಡಳಿತದವರ ಮೇಜಿನ ಮುಂದೆ ಮಾಡಿದ ಹಾಗೆ ಸುಮ್ಮನೆ ತಲೆಯಾಡಿಸಿ ಎದ್ದು ಬಂದುಬಿಡಬಹುದಿತ್ತು.

"ನಂಗೆ ಹೆದರಿಕೆ ಆಗ್ತಾ ಉಂಟು," ಎಂದೆ. "ಆದ್ರೂ ಹೇಳ್ತೇನೆ. ಸ್ವಲ್ಪ ಕೂತ್ಕೊಳ್ಳಿ."

ಟ್ಯಾಕ್ಸಿಯ ಸೀಟಿನಿಂದ ಶುರುಮಾಡಿ ಆ ಪತ್ರದವರೆಗೆ ಎಲ್ಲವನ್ನೂ ಹೇಳಿದೆ. ಆ ಹೆಂಗಸು ಎದ್ದು ಹೋಗದೆ ಕೇಳಿಸಿಕೊಂಡರು. ಕೊನೆಗೆ ನನ್ನ ಮುಖ ನೋಡದೆ ಕೇಳಿದರು.

"ಇದು ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹೇಳಿದ್ದೆ."

"ಆದ್ರೂ ನೀವು ಆ ಬೇಲಿ ಹಿಡ್ಕೊಂಡು ಒಬ್ಬರೇ ಹೋದದ್ದು ಹೌದಲ್ಲ?"

"ಹೌದು," ಎಂದೆ. "ಅವರು ಹೆದ್ರಿಕೊಂಡೇ ಹೋಗು ಅಂದ್ರು. ಅದಕ್ಕೆ ಹೋದೆ."